ಅಲ್ಲಾಡಿಸದೆ ಸದ್ದು ಮಾಡುವ ಗಿಟುಕು

ಇವತ್ತು ಬೆಳಿಗ್ಗೆ ಹಂದನಕೆರೆಯಿಂದ ಒಂದು ತೆಂಗಿನಕಾಯಿ ಬಂತು. ಒಂದೇ ಒಂದು. ತಿಪಟೂರಿನಲ್ಲಿ ಕೂತಿರುವವಳಿಗೆ ಹೊರಗಿನಿಂದ ತೆಂಗಿನಕಾಯಿ ಕಳಿಸುವವರೂ ಇದ್ದಾರೆಯೇ ಎಂದು ನೀವು ನಗಬಹುದು. ನಮ್ಮ ಬೀದಿಯ ಕೊನೆಯಲ್ಲಿ ನಿಂತು ಸುಮ್ಮನೆ ಉಸಿರೆಳೆದುಕೊಂಡರೂ ಮೂಗಿಗೆ ಕೊಬ್ಬರಿಯ ಜಿಡ್ಡು ಅಂಟುವ ಊರು ಇದು. ಆದರೂ ಪ್ರತಿ ವರ್ಷ ಅಟ್ಟದಿಂದ ಕಾಯಿ ಇಳಿಸುವ ಹೊತ್ತಿಗೆ ಅಲ್ಲಿನ ನನ್ನ ಹಳೆಯ ಗೆಳತಿ ಗಂಗಮ್ಮ ನನಗೊಂದು ಕಾಯಿ ಕಳಿಸುತ್ತಾಳೆ. ಸಿಪ್ಪೆ ಸುಲಿದದ್ದು, ಚಿಪ್ಪು ಒಡೆಯದ್ದು. ಹಿಂದೆಲ್ಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ಈ ಸಲ ಅವಳ ಮೊಮ್ಮಗಳ ಸ್ಕೂಟರಿನಲ್ಲಿ ಬಂತು.

ಆ ಹುಡುಗಿ ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲಲ್ಲೇ ನಿಂತು ಒಪ್ಪಿಸಿದಳು. "ಅಜ್ಜಿ ಹೇಳ್ ಕಳ್ಸವ್ರೆ. ಅಲ್ಲಾಡ್ಸಿ ನೋಡ್ಬೇಕಂತೆ. ಆಮೇಲೆ ಫೋನ್ ಮಾಡ್ಬೇಕಂತೆ. ಇನ್ನೊಂದು, ನೀವು ದಿನಾ ನಡೀತಿದೀರಾ ಅಂತ ಕೇಳ್ಕಂಡ್ ಬಾ ಅಂದ್ರು."

"ಕಾಫಿ ಕುಡೀತೀಯೇನಮ್ಮ?" ಎಂದೆ.

ಕಾನ್ವೆಂಟಿನಲ್ಲಿ ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಮಾತು ಬದಲಿಸಬಾರದೆಂದು ಯಾರೂ ಕಲಿಸಲಿಲ್ಲ.

ನಿಜ ಏನೆಂದರೆ, ಹೋದ ವರ್ಷ ಬಚ್ಚಲಲ್ಲಿ ಕಾಲು ಜಾರಿ ಕೂತುಬಿಟ್ಟ ಮೇಲೆ ನಾನು ಈ ಮಹಡಿ ಮನೆಯಿಂದ ಕೆಳಗಿಳಿದಿಲ್ಲ. ಮೂಳೆ ಮುರಿಯಲಿಲ್ಲ. ಎಕ್ಸ್-ರೇ ಕ್ಲೀನ್. ಡಾಕ್ಟರು "ಯು ಮಸ್ಟ್ ವಾಕ್, ಮೇಡಂ" ಎಂದರು. "ಶೂರ್, ಡಾಕ್ಟರ್" ಎಂದು ಬಂದು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತೆ. ಮಗಳು ಉಷಾ ಕಾಲೇಜಿಗೆ ಪಾಠ ಹೇಳಲು ಹೋಗುವ ಮೊದಲು ಪೇಪರು, ಮಾತ್ರೆ, ನೀರು, ಕನ್ನಡಕ ಎಲ್ಲವನ್ನೂ ಕೈಗೆಟಕುವಂತೆ ಇಟ್ಟು ಹೋಗುತ್ತಾಳೆ. ಮಹಾರಾಣಿಗೂ ಇಷ್ಟು ಅನುಕೂಲ ಇತ್ತೋ ಇಲ್ಲವೋ. ಕೆಳಗಿನ ಬೀದಿ ಈಗ ನನಗೆ ಟೆಲಿವಿಷನ್ ಇದ್ದ ಹಾಗೆ.

ಹುಡುಗಿ ಹೋದ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಲೊಟಲೊಟ ಎಂದಿತು.

ನಮ್ಮ ಸೀಮೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬಲಿತ ಕಾಯನ್ನು ನಾವು ಕಿತ್ತ ಕೂಡಲೇ ಒಡೆಯುವುದಿಲ್ಲ. ಅದು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತದೆ. ಕೆಳಗಿನ ಒಲೆಯ ಬಿಸಿ ತಾಗುತ್ತ ತಾಗುತ್ತ ಒಳಗಿನ ನೀರು ಇಂಗಿ, ತಿರುಳು ಒಣಗಿ, ಒಂದು ದಿನ ಯಾರಿಗೂ ಹೇಳದೆ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆ ಗುಂಡನೆಯ ಕೊಬ್ಬರಿಯೇ ಗಿಟುಕು. ಕಾಯನ್ನು ಅಲ್ಲಾಡಿಸಿದರೆ ಒಳಗೆ ಅದು ಉರುಳುವ ಸದ್ದು ಕೇಳುತ್ತದೆ. ಸದ್ದು ಬಂತೆಂದರೆ ಕಾಯಿ ಒಡೆಯುವ ಕಾಲ ಬಂತು. ನಮ್ಮ ಕಡೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಕಲಿಯುತ್ತವೆ. ನಾನೊಬ್ಬಳು ಎ ಫಾರ್ ಆಪಲ್ ಕಲಿತೆ. ಆಪಲ್ಲಿನ ಮುಖ ನೋಡಿದ್ದು ಅದಾದ ಎಷ್ಟೋ ವರ್ಷಕ್ಕೆ.

ನನ್ನೊಳಗೂ ಒಂದು ಸದ್ದಿದೆ. ಕರೆಂಟು ಹೋಗಿ ಫ್ಯಾನು, ಫ್ರಿಜ್ಜು ಎಲ್ಲ ಬಾಯಿ ಮುಚ್ಚಿಕೊಂಡ ಗಳಿಗೆಯಲ್ಲಿ ನೀವು ನನ್ನ ಪಕ್ಕ ಕೂತಿದ್ದರೆ ನಿಮಗೂ ಕೇಳಿಸೀತು. ಟಿಕ್, ಟಿಕ್, ಟಿಕ್. ಅಗ್ಗದ ಕೈಗಡಿಯಾರವನ್ನು ಟವೆಲಿನಲ್ಲಿ ಸುತ್ತಿಟ್ಟ ಹಾಗೆ. ಹೃದಯದ ಒಂದು ಬಾಗಿಲು ಕೆಟ್ಟು, ಅದನ್ನು ತೆಗೆದು, ಆ ಜಾಗದಲ್ಲಿ ಲೋಹದ ಬಾಗಿಲು ಕೂರಿಸಿದ್ದಾರೆ. ಅದು ಮುಚ್ಚುವಾಗಲೆಲ್ಲ ಹೀಗೆ ಸದ್ದಾಗುತ್ತದೆ. ಎಂಬತ್ತರ ದಶಕದಲ್ಲಿ ಕೂರಿಸಿದ್ದು ಇವತ್ತಿನವರೆಗೂ ಒಂದು ದಿನ ರಜೆ ಹಾಕಿಲ್ಲ.

ಆ ಬಾಗಿಲು ಕೆಡಲು ಶುರುವಾದದ್ದು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಇರಬೇಕು. ಚಿಕ್ಕವಳಿದ್ದಾಗ ಗಂಟಲು ನೋವು ಬಂತು, ಆಮೇಲೆ ಜ್ವರ, ಆಮೇಲೆ ಮೊಣಕಾಲು ಊದಿಕೊಂಡಿತು. ನಮ್ಮ ಸಿಸ್ಟರ್ ನೀಲಗಿರಿ ಎಣ್ಣೆ ತಿಕ್ಕಿ, "ಗ್ರೋಯಿಂಗ್ ಪೇನ್ಸ್, ಮೈ ಚೈಲ್ಡ್. ಆಫರ್ ಇಟ್ ಅಪ್ ಟು ಗಾಡ್" ಎಂದರು. ನಾನು ಭಕ್ತಿಯಿಂದ ಆಫರ್ ಮಾಡಿದೆ. ದೇವರು ಮೊಣಕಾಲಿನಿಂದ ತೆಗೆದುಕೊಂಡು ಎದೆಯೊಳಗೆ ಇಟ್ಟ.

ಮದುವೆಯಾಗಿ ದಂಡಿನಶಿವರದ ಹತ್ತಿರದ ತೋಟದ ಮನೆಗೆ ಬಂದೆ. ಬಾವಿಯಿಂದ ಒಂದು ಕೊಡ ನೀರು ತರುವುದರೊಳಗೆ ಏದುಸಿರು ಬರುತ್ತಿತ್ತು. ಉಷಾ ಹುಟ್ಟಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ನಮ್ಮತ್ತೆ ಬಂದವರ ಹತ್ತಿರ, "ಇಂಗ್ಲಿಷ್ ಓದಿದ ಹುಡುಗಿ ಕಣ್ರೀ, ಉಸ್ರೂ ಇಂಗ್ಲಿಷ್ನಾಗೇ ಬುಡ್ತಾಳೆ" ಎಂದು ಹೇಳಿ ನಗುತ್ತಿದ್ದರು. ಕೆಟ್ಟವರಲ್ಲ. ಕಾಯಿಲೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು, ನನಗೇ ಗೊತ್ತಿರಲಿಲ್ಲ. ತುಮಕೂರಿನ ಡಾಕ್ಟರೊಬ್ಬರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ತೆಗೆಯದೆ ಇದ್ದಾಗಲೇ ನನಗೆ ಹೆದರಿಕೆಯಾದದ್ದು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಆಗಿನ ಕಾಲದಲ್ಲಿ ಇಂಥ ಆಪರೇಷನ್ನಿಗೆ ರಕ್ತ ಕೊಡುವವರನ್ನು ನಾವೇ ಕರೆದುಕೊಂಡು ಹೋಗಬೇಕಿತ್ತು. ನಮ್ಮನೆಯವರು ಊರಿನ ಗಂಡಸರನ್ನು ಒಂದು ಕೊಬ್ಬರಿ ಲಾರಿಯಲ್ಲಿ ಚೀಲಗಳ ಮೇಲೆ ಕೂರಿಸಿಕೊಂಡು ಬಂದರು. ಅತ್ತೆಗೆ ಒಂದೇ ಚಿಂತೆ. "ಯಾರ್ಯಾರ್ದು ರಕ್ತ ಹಾಕುದ್ರು ಮಗಾ? ಲಿಂಗ ಕಟ್ಟಿದೋರ್ದೇನಾ?" ನಮ್ಮನೆಯವರು ಎಂದೂ ತಾಯಿಗೆ ಎದುರು ಮಾತಾಡಿದವರಲ್ಲ. ಅವತ್ತು ಮಾತ್ರ, "ಲಾರೀಲಿ ಬಂದೋರ್ದು ಕಣವ್ವ, ಲಾರೀನೇ ಕೇಳ್ಬೇಕು" ಎಂದರಂತೆ. ಹಾಗಾಗಿ ನನ್ನ ರಕ್ತಕ್ಕೆ ಇಂಥ ಕುಲ ಎಂಬುದಿಲ್ಲ. ಒಂದಿಷ್ಟು ಕೊಬ್ಬರಿಯ ವಾಸನೆ ಇದ್ದರೂ ಇದ್ದೀತು.

ಎಚ್ಚರವಾದಾಗ ಎದೆಯ ಮೇಲೆ ಯಾರೋ ಒರಳುಕಲ್ಲು ಇಟ್ಟ ಹಾಗಿತ್ತು. ಎದೆಯ ಮೂಳೆ ಕುಯ್ದು, ಮತ್ತೆ ತಂತಿಯಲ್ಲಿ ಕಟ್ಟಿರುತ್ತಾರೆ. ನಕ್ಕರೆ ನೋವು, ಸೀನಿದರೆ ಸಾವು. ಆದರೆ ಕೆಮ್ಮಲೇಬೇಕು, ಇಲ್ಲದಿದ್ದರೆ ಕಫ ಕಟ್ಟುತ್ತದೆ. ಅದಕ್ಕೊಂದು ಉಪಾಯವಿತ್ತು. ದಿಂಬನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡು ಕೆಮ್ಮುವುದು. ವಾರ್ಡಿನಲ್ಲಿ ಎಲ್ಲರೂ ದಿಂಬು ಹೊತ್ತುಕೊಂಡೇ ಓಡಾಡುತ್ತಿದ್ದರು, ಹೆರಿಗೆ ವಾರ್ಡಿನಲ್ಲಿ ಕೂಸು ಎತ್ತಿಕೊಂಡ ಹಾಗೆ.

ನನ್ನ ಬಲಗಡೆಯ ಮಂಚದವಳೇ ಗಂಗಮ್ಮ. ಹಂದನಕೆರೆಯವಳು, ನನಗಿಂತ ಐದಾರು ವರ್ಷ ದೊಡ್ಡವಳು, ಇದೇ ಆಪರೇಷನ್ ನನಗಿಂತ ಮುಂಚೆ ಆಗಿತ್ತು. ಆ ಸೀನಿಯಾರಿಟಿಯನ್ನು ಅವಳು ಒಂದು ದಿನವೂ ಮರೆಯಲಿಲ್ಲ. ನಾನು ಕೆಮ್ಮಲು ಹೆದರಿ ಬಿಗಿಹಿಡಿದು ಮಲಗಿದ್ದರೆ ಮಂಚದಿಂದ ಇಳಿದು ಬಂದು ನನ್ನ ದಿಂಬಿನ ಮೇಲೆ ತನ್ನ ಕೈಯಿಟ್ಟು ಒತ್ತುತ್ತಿದ್ದಳು. "ಕೆಮ್ಮೇ ಇಂಗ್ಲಿಷಮ್ಮ. ನಾನ್ ಹಿಡ್ಕಂಡಿದೀನಿ, ಎದೆ ಎಲ್ಗೂ ಓಡೋಗಲ್ಲ. ಕನ್ನಡದಾಗೇ ಕೆಮ್ಮು, ಪರ್ವಾಗಿಲ್ಲ."

ನಾನು ನಕ್ಕು, ನೋವಿಗೆ ಅತ್ತು, ಕೆಮ್ಮಿದೆ.

ಗಂಡಸರ ವಾರ್ಡು ಕಾರಿಡಾರಿನ ಆ ತುದಿಗೆ. ಸಂಜೆ ಎಲ್ಲರೂ ಕಾರಿಡಾರಿನಲ್ಲಿ ನಡೆಯಬೇಕು. ಅಲ್ಲಿ ಸಿಕ್ಕವರು ರುದ್ರಪ್ಪನವರು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ದಪ್ಪ ಮೀಸೆ, ಎತ್ತರದ ಆಳು. ಅವರೂ ದಿಂಬು ಅಪ್ಪಿಕೊಂಡು ಬಂದರೆ ನಾವು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆವು. ಆಪರೇಷನ್ನಿಗೆ ಮುಂಚೆ ನರ್ಸು, "ಮೈ ಮೇಲೆ ಮೆಟಲ್ ಏನೂ ಇರಬಾರದು, ಲಿಂಗದ ಕರಡಿಗೆ ತೆಗೀರಿ" ಎಂದಾಗ ಅವರು ಕೇಳಿದ್ದು ಇಡೀ ಮಹಡಿಗೆ ಗೊತ್ತಿತ್ತು. "ಅಲ್ಲಾ ತಾಯೀ, ಒಳಗಡೆಗೇ ಲೋಹ ಇಡ್ತೀರಿ, ಹೊರಗಡೆ ಇದ್ರೆ ನಿಮಗೇನು ಕಷ್ಟ?" ಕೊನೆಗೆ ಬೆಳ್ಳಿ ಕರಡಿಗೆ ಹೆಂಡತಿಯ ಕೈ ಸೇರಿತು. ಲಿಂಗವನ್ನು ಆ ನರ್ಸೇ ಗಾಜ್ ಬಟ್ಟೆಯಲ್ಲಿ ಸುತ್ತಿ ಅವರ ತೋಳಿಗೆ ಕಟ್ಟಿದಳು.

ಇನ್ನೊಬ್ಬಳಿದ್ದಳು. ನನ್ನ ಎಡಗಡೆಯ ಮಂಚ. ಸರಳಾ ಎಂದು, ಇನ್ನೂ ಮದುವೆಯಾಗದ ಹುಡುಗಿ. ಅವಳಿಗೆ ಕಾರಿಡಾರಿನ ಕಿಟಕಿಯವರೆಗೆ ಹೋಗಿ ಕೆಳಗಿನ ರಸ್ತೆಯ ಬಸ್ಸುಗಳನ್ನು ನೋಡುವುದೆಂದರೆ ಇಷ್ಟ. ನಂಬರ್ ಓದಿ ಬಂದು ನನಗೆ ಹೇಳುವಳು, ಅವು ಯಾವ ಊರಿಗೆ ಹೋಗುತ್ತವೆ ಎಂಬುದನ್ನು ತಾನೇ ಕಲ್ಪಿಸಿಕೊಂಡು. ಒಂದು ಮಧ್ಯಾಹ್ನ ದಿಂಬು ಹಿಡಿದು, "ಈಗ ಬಂದೆ ಅಕ್ಕಾ" ಎಂದು ಹೊರಟವಳು ಬಾಗಿಲ ಹತ್ತಿರ ಬಿದ್ದಳು. ದಿಂಬು ಮೊದಲು ಬಿತ್ತು, ಆಮೇಲೆ ಅವಳು. ಎಲ್ಲರೂ ಓಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಸಂಜೆ ಆ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕಿದರು.

ಅವಳು ನಡೆದಳು. ಅವಳು ಬಿದ್ದಳು. ಈ ಎರಡು ಮಾತಿನ ನಡುವೆ ನನ್ನ ಮನಸ್ಸು ತಾನಾಗಿಯೇ ಒಂದು 'ಅದಕ್ಕೇ' ಸೇರಿಸಿಕೊಂಡಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮರುದಿನ ಗಂಗಮ್ಮ ಕೈಹಿಡಿದು ಎಬ್ಬಿಸಿದರೆ ಎದ್ದೆ, ನಡೆದೆ. ಆದರೆ ಪ್ರತಿ ಹೆಜ್ಜೆಗೂ ಬಾಗಿಲ ಕಡೆ ನೋಡುತ್ತಿದ್ದೆ.

ಡಿಸ್ಚಾರ್ಜಿನ ದಿನ ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಚೆಕಪ್ಪಿಗೆ ಬರುವಾಗ ರುದ್ರಪ್ಪನವರ ಅಂಬಾಸಿಡರ್ ಕಾರಿನಲ್ಲಿ ಒಟ್ಟಿಗೇ ಬರುವುದು ಎಂದು.

ಮನೆಗೆ ಬಂದೆ. ಆರತಿ ಎತ್ತಿ ಒಳಗೆ ಕರೆದರು. ಕೈಕಾಲು ತೊಳೆದು ಮಂಚದ ಮೇಲೆ ಕೂತಾಗ ಅತ್ತೆ ಹತ್ತಿರ ಬಂದು ಕೆನ್ನೆ ನೇವರಿಸಿದರು. ಆ ನಿಶ್ಶಬ್ದದಲ್ಲಿ ಅವರಿಗೆ ಆ ಸದ್ದು ಕೇಳಿಸಿತು. ಸುತ್ತ ನೋಡಿದರು. ಆಮೇಲೆ ನನ್ನ ಎದೆಯ ಹತ್ತಿರ ಕಿವಿ ತಂದರು. ಹುಟ್ಟಿದಾಗಿನಿಂದ ಸಾವಿರಾರು ಕಾಯಿಗಳನ್ನು ಕಿವಿಗೆ ಹಿಡಿದ ಹೆಂಗಸು ಅದು. ಮುಖ ಬಿಳಿಚಿಕೊಂಡಿತು.

"ಅಯ್ಯೋ ಶಿವನೇ! ಗುಂಡಿಗೆ ಗಿಟುಕಾಗೈತಲ್ಲೋ! ಬುಟ್ಕಂಡೈತೆ!"

ನಗಬೇಡಿ. ಚಿಪ್ಪಿನೊಳಗೆ ಏನಾದರೂ ಸದ್ದು ಮಾಡಿದರೆ ಅದು ಬಿಟ್ಟುಕೊಂಡಿದೆ ಎಂದು ಲೆಕ್ಕ. ಅವರ ಎಪ್ಪತ್ತು ವರ್ಷದ ಬದುಕಿನಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಬೆಂಗಳೂರಿನವರು ಎದೆ ಕುಯ್ದು ಹೊಲಿಯುವ ಗಡಿಬಿಡಿಯಲ್ಲಿ ಸೊಸೆಯ ಗುಂಡಿಗೆಯನ್ನು ಸಡಿಲ ಮಾಡಿ ಕಳಿಸಿದ್ದಾರೆ. ಅಲುಗಿದರೆ ಒಡೆದುಹೋಗುತ್ತದೆ. ಹಾಗೆಂದು ಅವರು ತೀರ್ಮಾನಿಸಿದರು.

ಅವತ್ತಿನಿಂದ ನನ್ನನ್ನು ಅಲುಗಿಸುವಂತಿರಲಿಲ್ಲ. ಊಟ ಮಂಚಕ್ಕೇ ಬರುತ್ತಿತ್ತು. ಉಷಾ ಓಡಿ ಬಂದು ಮಂಚ ಹತ್ತುವಂತಿಲ್ಲ. ನೆಲ ಅದುರುತ್ತದೆಂದು ಒನಕೆ ಮುಟ್ಟುವಂತಿಲ್ಲ. ಅಟ್ಟದ ಮೇಲೆ ಕಾಯಿ ಸುರಿಯಲು ಬಂದ ಆಳುಗಳನ್ನು ವಾಪಸ್ಸು ಕಳಿಸಿದರು. ನಡುಮನೆಯಲ್ಲೊಂದು ಗೋಡೆ ಗಡಿಯಾರವಿತ್ತು, ನಮ್ಮ ಮಾವನವರು ತಂದದ್ದು. ಅದರ ಲೋಲಕವನ್ನು ಅತ್ತೆ ತಾವೇ ಕೈಯಿಂದ ಹಿಡಿದು ನಿಲ್ಲಿಸಿದರು. "ಎಲ್ಡು ಟಿಕ್ಕುಟಿಕ್ಕು ಅಂದ್ರೆ ಯಾವ್ದು ನಿಂದು ಅಂತ ಗೊತ್ತಾಗಲ್ಲ ಕಣವ್ವ." ಅಡುಗೆಮನೆಯಿಂದ ಆಗಾಗ ಬಂದು ಬಾಗಿಲಲ್ಲಿ ನಿಂತು ಕಿವಿಗೊಟ್ಟು ಹೋಗುವರು. ನಮ್ಮ ಮನೆಯಲ್ಲಿ ಹೊತ್ತು ಗೊತ್ತು ಎಂಬುದು ಹೊರಟುಹೋಯಿತು. ನನ್ನ ಎದೆ ಮಾತ್ರ ನಡೆಯುತ್ತಿತ್ತು.

ನಾನು ವಿವರಿಸಬಹುದಿತ್ತು. ಮೈಟ್ರಲ್ ವಾಲ್ವ್, ಡಿಸ್ಕ್, ಹೊಲಿಗೆ, ಎಲ್ಲವನ್ನೂ ಡಾಕ್ಟರು ಇಂಗ್ಲಿಷಿನಲ್ಲಿ ನನಗೆ ಚಿತ್ರ ಬರೆದು ತೋರಿಸಿದ್ದರು. ಒಂದು ಸಲ ಬಾಯಿ ತೆರೆದೆ ಕೂಡ. ಆದರೆ ಅತ್ತೆ "ಸುಮ್ಕೆ ಮಲ್ಕೋ, ಮಾತಾಡುದ್ರೂ ಅಲುಗ್ತದೆ" ಎಂದರು. ಸುಮ್ಮನೆ ಮಲಗಿದೆ. ಏಕೆಂದರೆ, ನಿಮ್ಮ ಹತ್ತಿರ ಏನು ಮುಚ್ಚುಮರೆ, ನನಗೆ ಅದೇ ಬೇಕಾಗಿತ್ತು. ಕಣ್ಣು ಮುಚ್ಚಿದರೆ ಬಾಗಿಲಲ್ಲಿ ಬೀಳುವ ದಿಂಬು ಕಾಣುತ್ತಿತ್ತು. ಅತ್ತೆಯ ನಂಬಿಕೆ ತಪ್ಪೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಪಾದ ಊದಿಕೊಳ್ಳತೊಡಗಿತು. ಮತ್ತೆ ಕೆಮ್ಮು ಬಂತು. ಕೆಮ್ಮಲು ಹೆದರಿಕೆ. ನಮ್ಮನೆಯವರು ಮಂಚದ ಪಕ್ಕ ನಿಂತು, "ಡಾಕ್ಟ್ರು ನಡೀಬೇಕು ಅಂದಿದ್ರಲ್ಲ..." ಎಂದು ಶುರುಮಾಡಿ, ತಾಯಿಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ ಮಾತನ್ನು ಅಲ್ಲೇ ಬಿಡುವರು. ಚೆಕಪ್ಪಿನ ದಿನ ಹತ್ತಿರ ಬಂತು. ಕಾರಿನ ಕುಲುಕಾಟ ಆಗುವುದಿಲ್ಲ, ಬರಲಾಗುವುದಿಲ್ಲ ಎಂದು ಮಂಡಿಗೆ ಹೋಗುವವರೊಬ್ಬರ ಕೈಯಲ್ಲಿ ರುದ್ರಪ್ಪನವರಿಗೆ ಹೇಳಿ ಕಳಿಸಿದೆವು.

ಎರಡು ದಿನ ಬಿಟ್ಟು ನಡುಮಧ್ಯಾಹ್ನ ಅಂಗಳದಲ್ಲಿ ಅಂಬಾಸಿಡರ್ ನಿಂತಿತು. ಮೊದಲು ಇಳಿದದ್ದು ದಿಂಬು, ಅದರ ಹಿಂದೆ ಗಂಗಮ್ಮ. ಆಮೇಲೆ ರುದ್ರಪ್ಪನವರು.

"ಏನೇ, ಹೆಣದಂಗ್ ಮಲ್ಗಿದೀಯ? ಅಲ್ಲಿ ನಾನ್ ಒತ್ತಿ ಒತ್ತಿ ಕೆಮ್ಸಿದ್ದು ಇದಕ್ಕೇನಾ?" ಗಂಗಮ್ಮನ ದನಿಗೆ ಅಟ್ಟದ ಮೇಲಿನ ಇಲಿಗಳೂ ಗಾಬರಿಯಾಗಿರಬೇಕು.

ಅತ್ತೆ ಬೆಲ್ಲ ನೀರು ತಂದಿಟ್ಟು, ಸಣ್ಣ ದನಿಯಲ್ಲಿ ವಿಷಯ ಹೇಳಿದರು. ಗುಂಡಿಗೆ ಬಿಟ್ಟುಕೊಂಡ ಕತೆ. ಗಂಗಮ್ಮ ನಗಲು ಹೋದಳು. ರುದ್ರಪ್ಪನವರು ಕೈಯೆತ್ತಿ ತಡೆದರು. ಅವರು ನಗಲಿಲ್ಲ. ಕೊಬ್ಬರಿಯ ವಿಷಯ ಅವರಿಗೆ ತಮಾಷೆಯಲ್ಲ.

"ಅಮ್ಮಾ, ಒಂದು ಕಾಯಿ ತರ್ಸಿ."

ನಮ್ಮನೆಯವರು ಅಟ್ಟದಿಂದ ಒಂದನ್ನು ತಂದುಕೊಟ್ಟರು. ರುದ್ರಪ್ಪನವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ಅತ್ತೆಯ ಕಿವಿಗೂ ಹಿಡಿದರು. ಲೊಟಲೊಟ. "ಬುಟ್ಕಂಡೈತಾ?"

"ಬುಟ್ಕಂಡೈತೆ."

ಕಾಯನ್ನು ನೆಲದ ಮೇಲಿಟ್ಟರು. "ಈಗ ಕೇಳಿ."

ಎಲ್ಲರೂ ಕೇಳಿದೆವು. ಕಾಯಿ ಸುಮ್ಮನಿತ್ತು. ಸುಮ್ಮನಿಲ್ಲದ್ದು ನಾವು ಮೂವರು. ಟಿಕ್ ಟಿಕ್, ಟಿಟಿಕ್, ಟಿಕ್. ಗಡಿಯಾರ ನಿಂತ ಆ ಮನೆಯಲ್ಲಿ ಮೂರು ಎದೆಗಳು ಒಂದಕ್ಕೊಂದು ಹೊಂದಾಣಿಕೆಯಿಲ್ಲದೆ ಮಾತಾಡಿಕೊಳ್ಳುತ್ತಿದ್ದವು.

"ಅಲ್ಲಾಡಿಸ್ದೆ ಸದ್ದು ಮಾಡೋ ಗಿಟುಕು ನನ್ ಜನ್ಮದಾಗೆ ಕಂಡಿಲ್ಲ ಅಮ್ಮಾ. ನೀವು ಕಂಡಿದೀರಾ? ಇದು ಬುಟ್ಕಂಡಿದ್ದಲ್ಲ. ಹೊಲಿಗೆ ಹಾಕಿ ಕೂರ್ಸಿರೋದು. ಬುಟ್ಕಂಡಿದ್ರೆ ನಾನು ಮಂಡೀಲಿ ದಿನಾ ಓಡಾಡ್ತೀನಲ್ಲ, ಇಷ್ಟೊತ್ತಿಗೆ ಚೂರಾಗಿರ್ತಿದ್ದೆ."

ಅತ್ತೆ ಯೋಚಿಸಿದರು. ಆಮೇಲೆ ಹೇಳಿದರು, "ನೀನು ವ್ಯಾಪಾರದೋನು ಕಣಪ್ಪ. ಮಂಡಿಯೋರ್ ಮಾತು ನಂಬಿದ್ರೆ ನಮ್ ಕೊಬ್ರಿ ಯಾವತ್ತೂ ಎರಡನೇ ದರ್ಜೆನೇ."

ನಮ್ಮನೆಯವರು ಮುಖ ತಿರುಗಿಸಿ ಗೋಡೆ ನೋಡಿದರು. ರುದ್ರಪ್ಪನವರು ದಿಂಬಿಲ್ಲದೆ ನಕ್ಕು ಎದೆ ಹಿಡಿದುಕೊಂಡರು.

ಪರಾಯಿ ಗಂಡಸಿನ ಎದೆಗೆ ಕಿವಿಯಿಡುವುದು ಹೇಗೆ? ಅತ್ತೆ ಗಂಗಮ್ಮನನ್ನು ಕರೆದರು. ಅವಳ ಎದೆಗೆ ಕಿವಿಯಿಟ್ಟು ಕೇಳಿದರು. "ಒಂದ್ ಸುತ್ತು ಹೋಗ್ ಬಾ" ಎಂದರು. ಗಂಗಮ್ಮ ಅಂಗಳ ದಾಟಿ, ಹುಲ್ಲಿನ ಮೆದೆ ಸುತ್ತಿ, ಬೇಕೆಂದೇ ಕೈಬೀಸಿಕೊಂಡು ಬಂದಳು. ಮತ್ತೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟರು.

"ಜೋರಾಗೈತೆ."

"ನಡುದ್ರೆ ಯಾರ್ದಾದ್ರೂ ಜೋರಾಗ್ತದೆ ಬುಡಜ್ಜಿ. ನಿಂದೂ ಆಗ್ತದೆ."

"ಆದ್ರೆ ಇದ್ದಲ್ಲೇ ಐತೆ," ಎಂದರು ಅತ್ತೆ ತಮಗೆ ತಾವೇ ಹೇಳಿಕೊಳ್ಳುವಂತೆ. "ಜಾಗ ಬುಟ್ಟಿಲ್ಲ."

ಅತ್ತೆಯ ಅಪ್ಪಣೆ ಸಿಕ್ಕಿತು. ಈಗ ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಏಳಲಿಲ್ಲ. ತಲೆಸುತ್ತು ಎಂದೆ. ಊಟವಾಗಲಿ ಎಂದೆ. ಗಂಗಮ್ಮ ನನ್ನನ್ನು ಒಂದು ಗಳಿಗೆ ನೋಡಿ, "ನೀವೆಲ್ಲ ಒಸಿ ಆಚೆ ಹೋಗ್ರೀ, ಹೆಂಗಸ್ರು ಮಾತಾಡ್ಬೇಕು" ಎಂದು ಎಲ್ಲರನ್ನೂ ಅಂಗಳಕ್ಕೆ ಕಳಿಸಿದಳು. ಮಂಚದ ತುದಿಯಲ್ಲಿ ಕೂತಳು. ದನಿ ಇಳಿಸಿದಳು. ಅವಳಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಸರಳಾ ಅಲ್ವೇನೇ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ನಡ್ದಿದ್ಕೆ ಹೋಗ್ಲಿಲ್ಲ ಆ ಮಗು. ರಕ್ತ ಹೆಪ್ಪುಗಟ್ಟಿ ತಲೆಗೆ ಹೋಗಿತ್ತಂತೆ. ನಾನು ನರ್ಸಮ್ಮನ್ನ ಕಾಡಿ ಕೇಳ್ಕಂಡೆ. ಮಂಚದ್ ಮ್ಯಾಲೆ ಇದ್ದಿದ್ರೂ ಹೋಗೋಳು."

"ನನಗೆ ಯಾಕೆ ಹೇಳಲಿಲ್ಲ ಗಂಗಮ್ಮಾ?"

"ನೀನು ಕಣ್ ಮುಚ್ಕಂಡಿದ್ದೆ. ನಾನು, ಮರ್ತೋಗಿದಾಳೆ, ಯಾಕೆ ಕೆದುಕ್ಲಿ ಅಂತ ಸುಮ್ಕಾದೆ." ಅವಳು ತನ್ನ ದಿಂಬಿನ ಮೂಲೆಯನ್ನು ತಿರುಚುತ್ತಿದ್ದಳು. "ನಂಗೂ ಭಯ ಕಣೇ. ನಿನ್ಗೆ ಮಾತ್ರ ಅಂದ್ಕಂಡಿದೀಯಾ? ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ರೆ ಎದೆ ಝಲ್ ಅಂತದೆ. ಈ ದಿಂಬು ಯಾಕ್ ತಂದಿದೀನಿ? ಕೆಮ್ಮಿಲ್ಲ, ಏನಿಲ್ಲ. ಹಿಡ್ಕಳ್ಳೋಕೆ ಏನಾರ ಬೇಕಲ್ಲ."

"ಮತ್ತೆ ಹೇಗೆ ನಡೀತೀಯ?"

"ಭಯ ಹೋಗ್ಲಿ, ಆಮೇಲೆ ನಡೀತೀನಿ ಅಂತ ಕೂತ್ರೆ ನನ್ನೆಮ್ಮೆಗೆ ಹುಲ್ಲು ಹಾಕೋರು ಯಾರು? ಭಯಾನೂ ನಡೀತದೆ ನನ್ ಜೊತೆ. ಬರ್ಲಿ ಬುಡು, ಅದೇನು ಬಸ್ ಚಾರ್ಜ್ ಕೇಳ್ತದಾ?"

ನಾನು ಕಾಲು ಕೆಳಗಿಟ್ಟೆ. ನೆಲ ತಣ್ಣಗಿತ್ತು. ಗಂಗಮ್ಮ ಬಲಗೈ ಹಿಡಿದಳು. ಹೊಸ್ತಿಲ ಹತ್ತಿರ ಬಂದಾಗ ನಿಂತುಬಿಟ್ಟೆ. ಬಾಗಿಲು. ಅವಳು ಎಳೆಯಲಿಲ್ಲ. ಪಕ್ಕದಲ್ಲೇ ನಿಂತಳು. ಅವಳ ಸದ್ದು ಕೇಳುತ್ತಿತ್ತು, ನನ್ನದೂ ಕೇಳುತ್ತಿತ್ತು. ಅವಳದೂ ನನ್ನದರಷ್ಟೇ ಓಡುತ್ತಿತ್ತು. ಧೈರ್ಯದ ಮಾತುಗಳನ್ನು ನಾನು ಬಹಳ ಕೇಳಿದ್ದೇನೆ, ಇಂಗ್ಲಿಷಿನಲ್ಲಿ ಬಾಯಿಪಾಠವನ್ನೂ ಮಾಡಿದ್ದೇನೆ. ಅವತ್ತು ನನ್ನನ್ನು ಹೊಸ್ತಿಲು ದಾಟಿಸಿದ್ದು ಆ ಹೆಂಗಸಿನ ಎದೆಯ ಓಟ.

ಅಂಗಳ ದಾಟಿ ಮೊದಲ ತೆಂಗಿನ ಸಾಲಿನವರೆಗೆ ಹೋದೆವು. ರುದ್ರಪ್ಪನವರು ಹಿಂದೆ ಬರುತ್ತ ಯಾವ ಮರ ಎಷ್ಟು ಇಳುವರಿ ಕೊಟ್ಟೀತು ಎಂದು ನಮ್ಮನೆಯವರಿಗೆ ಹೇಳುತ್ತಿದ್ದರು. ಎಡಗಡೆಗೆ ಅತ್ತೆ. ನನ್ನ ದಿಂಬನ್ನು ಅವರು ಹೊತ್ತು ತಂದಿದ್ದರು, ನಾನು ಕೆಮ್ಮಿದರೆ ಕೊಡಲೆಂದು. ಒಂದು ಸಲ ತಿರುಗಿ ನೋಡಿದೆ. ಆ ದಿಂಬನ್ನು ತಮ್ಮದೇ ಎದೆಗೆ ಎರಡೂ ಕೈಯಲ್ಲಿ ಅವುಚಿಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು, ಆಪರೇಷನ್ ಆದದ್ದು ತಮಗೇ ಎನ್ನುವ ಹಾಗೆ.

ವಾಪಸ್ಸು ಬಂದಾಗ, "ಗಡಿಯಾರಕ್ಕೆ ಕೀ ಕೊಡೋ" ಎಂದರು ಅತ್ತೆ ಮಗನಿಗೆ.

ಚೆಕಪ್ಪಿಗೆ ಹೋದೆವು, ಮೂವರೂ, ಹಿಂದಿನ ಸೀಟಿನಲ್ಲಿ ದಿಂಬುಗಳ ಸಮೇತ. ಆಮೇಲೂ ವರ್ಷವರ್ಷ ಹೋಗುತ್ತಿದ್ದೆವು. ಕಾಯಿ ಕಳಿಸುವ ಪದ್ಧತಿ ಶುರುಮಾಡಿದ್ದು ರುದ್ರಪ್ಪನವರು. ಅಟ್ಟದ ಕಾಯಿ ಇಳಿಸಿದಾಗ ಒಬ್ಬರಿಗೊಬ್ಬರು ಒಂದು ಕಾಯಿ. "ನಂದು ಇನ್ನೂ ಒಡೆದಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಅವರು ಹೋಗಿ ಬಹಳ ವರ್ಷವಾಯಿತು. ಕೊನೆಯ ದರ್ಶನಕ್ಕೆ ಹೋದಾಗ ವಿಭೂತಿ ಹಚ್ಚಿ ಕೂರಿಸಿದ್ದರು. ಗದ್ದಲದಲ್ಲಿಯೂ ನಾನು ಮತ್ತು ಗಂಗಮ್ಮ, ಹೇಳಿಕೊಳ್ಳದೆಯೇ, ಸ್ವಲ್ಪ ಬಾಗಿ ಕಿವಿಗೊಟ್ಟೆವು. ಅಭ್ಯಾಸ. ಕೇಳಿಸಿದ್ದು ನಮ್ಮಿಬ್ಬರದೇ. ಅತ್ತೆಯೂ ಹೋದರು, ಅವರ ತುಂಬು ವಯಸ್ಸಿಗೆ. ಕೊನೆಯ ದಿನಗಳಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. "ಆ ಸದ್ದು ಕೇಳುದ್ರೆ ನಿದ್ದೆ ಬತ್ತದೆ ಕಣವ್ವ" ಎನ್ನುವರು. ಅವರು ಹೋದ ಮೇಲೆ ನಾವಿಬ್ಬರೂ ತೋಟದ ಮನೆ ಬಿಟ್ಟು ತಿಪಟೂರಿಗೆ ಉಷಾಳ ಹತ್ತಿರ ಬಂದೆವು.

ಹೊಸದರಲ್ಲಿ ನನ್ನ ಸದ್ದಿಗೆ ನಿದ್ದೆ ಬಾರದೆ ಹೊರಳಾಡುತ್ತಿದ್ದ ನಮ್ಮನೆಯವರಿಗೆ ಈಗ ಕಿವಿ ಮಂದ. ಕೇಳಿಸುವುದಿಲ್ಲ. ಬೆಳಿಗ್ಗೆ ಎದ್ದೊಡನೆ ನನ್ನ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, ಆಮೇಲೆ ಹಲ್ಲುಜ್ಜಲು ಹೋಗುತ್ತಾರೆ.

ಇಷ್ಟನ್ನೂ ನಾನು ಮಧ್ಯಾಹ್ನವೆಲ್ಲ ಬೆತ್ತದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕಾಯಿ ಇಟ್ಟುಕೊಂಡು ನೆನೆಸಿಕೊಂಡೆ. ಬಿಸಿಲು ಇಳಿಯಿತು. ಪಾದ ನೋಡಿಕೊಂಡೆ. ಸ್ವಲ್ಪ ಊದಿತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದದ್ದು ಎಷ್ಟು ದಿನದಿಂದಲೋ.

ಎದ್ದೆ. ಚಪ್ಪಲಿ ಹುಡುಕಿದೆ. ಅದು ಮಂಚದ ಕೆಳಗೆ ಧೂಳು ಹಿಡಿದಿತ್ತು. ಬಾಗಿಲು ತೆಗೆದಾಗ ನಮ್ಮನೆಯವರು ಪೇಪರಿನಿಂದ ತಲೆಯೆತ್ತಿ, "ಎಲ್ಲಿಗೆ?" ಎಂದರು.

"ವಾಕಿಂಗ್!"

"ಏನು?"

"ವಾಕಿಂಗ್ ಕಣ್ರೀ!"

ಅವರಿಗೆ ಕೇಳಿಸಿತೋ ಇಲ್ಲವೋ, ಕೋಲು ತೆಗೆದುಕೊಂಡು ಹಿಂದೆ ಬಂದರು. ಮೊದಲ ಮೆಟ್ಟಿಲ ಮೇಲೆ ನಿಂತೆ. ಕೆಳಗಿನ ಮೆಟ್ಟಿಲುಗಳು ಬಾವಿಯ ಹಾಗೆ ಕಂಡವು. ಆಗಲೇ ಗೊತ್ತಾದದ್ದು, ಕಾಯನ್ನು ಕೆಳಗಿಡುವುದನ್ನೇ ಮರೆತು ಎಡಗೈಯಲ್ಲಿ ಎದೆಗೆ ಅವುಚಿಕೊಂಡಿದ್ದೇನೆ ಎಂದು. ಬಲಗೈಯಲ್ಲಿ ಕಂಬಿ ಹಿಡಿದು ಇಳಿದೆ. ಬೀದಿಯ ಕೊನೆಯವರೆಗೆ ಹೋದೆವು, ಕೊಬ್ಬರಿಯ ವಾಸನೆ ಶುರುವಾಗುವ ಜಾಗದವರೆಗೆ. ಎದುರು ಸಿಕ್ಕವರೊಬ್ಬರು, "ಏನಮ್ಮಾ, ದೇವಸ್ಥಾನಕ್ಕಾ? ಹಣ್ಣು ಹೂವು ಇಲ್ದೆ ಬರೀ ಕಾಯಿ?" ಎಂದರು. ಹೌದು ಎಂದೆ. ತಿರುಗಿ ಮನೆಗೆ ಬಂದೆವು.

ಮೆಟ್ಟಿಲು ಹತ್ತಿ ಬಂದು, ಕೂರುವುದಕ್ಕೂ ಮೊದಲು, ಫೋನ್ ಮಾಡಿದೆ.

"ಕಾಯಿ ಬಂತೇನೇ?" ಗಂಗಮ್ಮನ ದನಿ ಈಗ ಒಡೆದಿದೆ, ಜೋರು ಮಾತ್ರ ಕಡಿಮೆಯಾಗಿಲ್ಲ.

"ಬಂತು, ಕೇಳು," ಎಂದು ಫೋನಿನ ಹತ್ತಿರ ಅಲ್ಲಾಡಿಸಿದೆ.

"ಅದು ನಮ್ಮಟ್ಟದ್ದು, ನಾನ್ ಕೇಳಿಲ್ವಾ? ನಿಂದ್ ಕೇಳ್ಸೇ."

ಫೋನನ್ನು ಎದೆಗೆ ಒತ್ತಿ ಹಿಡಿದೆ. ಉಸಿರು ಇನ್ನೂ ಇಳಿದಿರಲಿಲ್ಲ. ಒಂದರ ಹಿಂದೊಂದು ಬೆನ್ನಟ್ಟಿಕೊಂಡು ಓಡುತ್ತಿತ್ತು ಒಳಗೆ. ಆ ಕಡೆ ಸದ್ದಿಲ್ಲ. ಸಂಪರ್ಕ ತಪ್ಪಿತೇನೋ ಎಂದು ಫೋನನ್ನು ಕಿವಿಗೆ ತಂದೆ.

"ನಡ್ಕಂಡ್ ಬಂದಿದೀಯ," ಎಂದಳು.

"ಹೂಂ."

"ಮೆಟ್ಲೂ ಹತ್ತಿದೀಯ."

"ಹೂಂ ಕಣೇ."

"ಸರಿ. ಇವಾಗ ಕೂತ್ಕೋ."